ಎಡಗೈಯ ಬಟ್ಟಲು

“ಇದ್ಯಾರ ಮನೆ ಮಗಳೇ? ಹೆಂಗಸರ ಬದೀಲಿ ಜೀನು ನೇತುಹಾಕಿದ್ದಾರೆ, ಗಂಡಸರ ಬದೀಲಿ ಪಾತ್ರೆ ಜೋಡಿಸಿದ್ದಾರೆ. ಇವರಿಗೇನು ತಲೆ ನೆಟ್ಟಗಿತ್ತಾ?”

ಕಲಿಪಾ ಅಪಾ ನೆಲದ ಮೇಲೆ ಹಾಸಿದ್ದ ಚಿತ್ರದ ಮೇಲೆ ಮೂಗು ತಾಗುವಷ್ಟು ಬಗ್ಗಿದ್ದಳು. ಒಂದು ಮೀಟರ್ ಅಗಲದ ಚಿತ್ರ, ದಪ್ಪ ಹತ್ತಿಯ ಕಾಗದ, ಮೀಸೆಯ ಕೂದಲನ್ನೂ ಎಣಿಸಬಹುದಾದಷ್ಟು ಸ್ಪಷ್ಟ. ಅವಳ ಒಂದು ಕಣ್ಣಿಗೆ ಪೊರೆ ಬಂದಿತ್ತು. ಉಳಿದ ಒಂದು ಕಣ್ಣು ನನ್ನ ಎರಡು ಕಣ್ಣಿಗಿಂತ ಚುರುಕು ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ.

ನಾನು ನಕ್ಕೆ. “ಗಂಡನ್ನ ನೋಡಿ ಅಂತ ತಂದ್ರೆ ಪಾತ್ರೆ ನೋಡ್ತಿದ್ದೀರಲ್ಲ ಅಪಾ.”

“ಗಂಡನ್ನ ಆವತ್ತೇ ನೋಡಿದೀನಿ. ಮನೆ ಇವತ್ತು ನೋಡ್ತಿದೀನಿ. ನೀನು ಆವತ್ತು ಬರೀ ಮುಖ ತೋರಿಸಿದ್ದೆ.”

ಅದು ನಿಜ. ಕರಾಕೊಲ್‌ನ ಭಾನುವಾರದ ಸಂತೆಯಲ್ಲಿ ಕೊಂಡ ಒಂದು ಡಬ್ಬಿ ಹಳೇ ನೆಗೆಟಿವ್‌ಗಳಿಂದ ಒಂದು ಮುಖವನ್ನು ದೊಡ್ಡದು ಮಾಡಿ ಪ್ರದರ್ಶನಕ್ಕಿಟ್ಟಿದ್ದೆ. ಐದು ವಾರದ ಹಿಂದೆ ಈ ಮುದುಕಿ ಅದರ ಮೇಲೆ ಬೆರಳಿಟ್ಟು, ಎಂಬತ್ನಾಲ್ಕರ ಆಗಸ್ಟಿನಲ್ಲಿ ಬೆಟ್ಟದ ಹುಲ್ಲುಗಾವಲಿನಿಂದ ಕಾಣೆಯಾದ ತನ್ನ ಗಂಡ ಜುಮಾದಿಲ್ ಇವನೇ ಅಂದಿದ್ದಳು. ಅವನಿಗೇನಾಯಿತೆಂದು ವಿಚಾರಿಸುತ್ತ ಆವತ್ತಿನಿಂದ ನಾನು ಅವಳ ಈ ಹಳ್ಳಿಗೆ ಓಡಾಡುತ್ತಿದ್ದೆ.

ನನ್ನ ಕಸುಬೇ ಅದು. ಯಾರೋ ಎಸೆದ, ಯಾರೋ ಮರೆತ ನೆಗೆಟಿವ್‌ಗಳನ್ನು ತಂದು, ಸ್ನಾನದಮನೆಯ ಕತ್ತಲಲ್ಲಿ ಕೂತು ದೊಡ್ಡ ಚಿತ್ರ ಮಾಡುತ್ತೇನೆ. ನನ್ನ ಮನೆಯ ಗೋಡೆ ತುಂಬ ಜನ. ಮದುವೆಯ ಹೆಣ್ಣುಗಳು, ಸಿಪಾಯಿಗಳು, ಹಲ್ಲು ಬಿದ್ದ ಮಕ್ಕಳು. ಒಬ್ಬರ ಹೆಸರೂ ನನಗೆ ಗೊತ್ತಿಲ್ಲ, ನನ್ನ ಹೆಸರು ಹಿಡಿದು ಕರೆಯುವವರೂ ಆ ಮನೆಯಲ್ಲಿ ಯಾರೂ ಇಲ್ಲ. ಊಟ ಅಡುಗೆಮನೆಯ ಕಿಟಕಿಯ ಬಳಿ ನಿಂತೇ ಮುಗಿಯುತ್ತದೆ.

“ಜೀನು ಯಾವ ಬದಿ ಇದ್ರೇನು ಅಪಾ?” ಅಂದೆ.

ಅಪಾ ಅಯ್ಯೋ ಪಾಪ ಅನ್ನುವಂತೆ ನನ್ನನ್ನು ನೋಡಿದಳು. “ಕಿರ್ಗೀಜರ ಹುಡುಗಿಯಾದ್ರೂ ನೀನು ಗುಡಾರದಲ್ಲಿ ಬೆಳೆದವಳಲ್ಲ, ಅಲ್ವಾ?”

“ಬಿಷ್ಕೆಕ್‌ನಲ್ಲಿ. ನಾಲ್ಕನೇ ಮಹಡಿ.”

“ಅದಕ್ಕೇ ಮತ್ತೆ. ಬಾಗಿಲಲ್ಲಿ ನಿಂತು ಒಳಗೆ ನೋಡಿದ್ರೆ ಎಡಕ್ಕೆ ಗಂಡಸರದು. ಜೀನು, ಲಗಾಮು, ಚಾಟಿ. ಬಲಕ್ಕೆ ನಮ್ಮದು. ಪಾತ್ರೆ, ಹಿಟ್ಟು, ಹಾಲು. ಕುಡುಕನ ಮನೇಲೂ ಇದು ತಪ್ಪಲ್ಲ. ಸತ್ತವರನ್ನ ಮಲಗಿಸೋವಾಗಲೂ ಗಂಡಸನ್ನ ಎಡಕ್ಕೆ, ಹೆಂಗಸನ್ನ ಬಲಕ್ಕೆ. ಇಲ್ಲಿ ನೋಡು, ಎಲ್ಲಾ ಉಲ್ಟಾ.”

ನಾನೂ ಬಗ್ಗಿ ಜೀನನ್ನು ನೋಡಿದೆ.

ನೆಗೆಟಿವ್‌ಗೆ ಎರಡು ಬದಿ. ಒಂದು ಹೊಳೆಯುತ್ತದೆ, ಒಂದು ಮಂಕು. ಮಂಕು ಬದಿ ಕೆಳಗೆ ಬರುವಂತೆ ಇಟ್ಟರೆ ಚಿತ್ರ ಸರಿ. ತಿರುಗಿಸಿ ಇಟ್ಟರೆ ಕನ್ನಡಿಯಲ್ಲಿ ಕಂಡಂತೆ ಎಡವೆಲ್ಲ ಬಲ. ಆ ಡಬ್ಬಿಯ ಫಿಲ್ಮಿಗೆ ತೇವ ಹಿಡಿದು, ಬೂಷ್ಟು ಬಂದು ಎರಡು ಬದಿಯೂ ಮಂಕಾಗಿದ್ದವು. ಅಂಚಿನ ಅಂಕಿಗಳನ್ನು ಯಾರೋ ಕತ್ತರಿಸಿ ತೆಗೆದಿದ್ದರು. ನಾನು ಎರಡು ರೀತಿಯಲ್ಲೂ ಇಟ್ಟು ನೋಡಿದ್ದೆ. ಒಂದರಲ್ಲಿ ಬೆಳಕು ಎಡದಿಂದ ಬಂದು ಅವನ ಕೆನ್ನೆಯ ಮೇಲೆ ಬೀಳುವುದು ತುಂಬ ಚಂದ ಕಂಡಿತು. ಚಂದ ಕಂಡದ್ದನ್ನೇ ಸರಿ ಅಂದುಕೊಂಡೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುವವಳು, ನಾಚಿಕೆಯಾಗಬೇಕು ನನಗೆ.

“ಅಪಾ, ಏಳಿ. ಬೀರು ಹತ್ತಿರ ಬನ್ನಿ.”

“ಯಾಕೆ?”

“ಕನ್ನಡಿ ಬೇಕು.”

ಚಿತ್ರವನ್ನು ಎರಡು ಕೈಯಲ್ಲಿ ಎತ್ತಿ ಬೀರುವಿನ ಕನ್ನಡಿಗೆ ಎದುರಾಗಿ ಹಿಡಿದೆ. ಅದರ ಒಂದು ಅಂಚನ್ನು ಮೊದಲಿನಿಂದಲೂ ಒಳಕ್ಕೆ ಸುತ್ತಿಟ್ಟಿದ್ದೆ. ಅಲ್ಲಿರುವುದನ್ನು ಅಪಾಳಿಗೆ ತೋರಿಸುವ ಧೈರ್ಯ ನನಗಿರಲಿಲ್ಲ.

ಕನ್ನಡಿಯಲ್ಲಿ ಜೀನು ಎಡಕ್ಕೆ ಹೋಯಿತು, ಪಾತ್ರೆ ಬಲಕ್ಕೆ ಬಂತು. ಬಿಳಿ ಟೋಪಿಯನ್ನು ಹಿಂದಕ್ಕೆ ಸರಿಸಿಕೊಂಡು, ಏನನ್ನೋ ಕೇಳಿಸಿಕೊಳ್ಳುತ್ತ ಅರ್ಧ ನಗುತ್ತಿದ್ದ ಜುಮಾದಿಲ್. ಅವನ ಪಕ್ಕದಲ್ಲಿ, ಅದೇ ಕನ್ನಡಿಯಲ್ಲಿ, ಅರವತ್ತೆಂಟರ ಕಲಿಪಾ.

ಅವಳು ತಲೆಯ ಬಟ್ಟೆ ಸರಿಮಾಡಿಕೊಂಡಳು. ಆಮೇಲೆ ಮೆಲ್ಲಗೆ, “ಬಂದ,” ಅಂದಳು.

ಅವಳಿಗೆ ಚೆನ್ನಾಗಿ ಕಾಣಲೆಂದು ಚಿತ್ರವನ್ನು ಒಂಚೂರು ಮೇಲಕ್ಕೆತ್ತಿದೆ.

“ಕುದುರೆ ಒದ್ದ ಗಾಯ. ಎಡ ಹುಬ್ಬಿನಲ್ಲಿ. ನೋಡಿದ್ಯಾ, ಎಡಕ್ಕೇ ಇದೆ.” ಅವಳ ಧ್ವನಿ ಒಡೆಯಿತು. “ಆವತ್ತು ನಿನ್ನ ಪ್ರದರ್ಶನದಲ್ಲಿ ನೋಡಿದಾಗ ಅವನೇ ಹೌದು, ಆದ್ರೂ ಅವನಲ್ಲ ಅನ್ನಿಸ್ತು. ಗಾಯ ಬಲ ಹುಬ್ಬಲ್ಲಿತ್ತಲ್ಲ ಅಂತ ಒಳಗೇ ಒಂದು ಅನುಮಾನ. ಮುದುಕಿ, ನಿನಗೇ ಮರೆತುಹೋಗಿದೆ ಅಂದ್ಕೊಂಡೆ. ಐದು ವಾರದಿಂದ ಅದಕ್ಕೇ ಅಳ್ತಿದೀನಿ. ಗಂಡ ಬಿಟ್ಟುಹೋದ ಅಂತ ಇಷ್ಟು ಅಳಲಿಲ್ಲ ಮಗಳೇ, ಅವನ ಮುಖ ಮರೆತೆ ಅಂತ ಅತ್ತೆ.”

ಬೆಳಕು ಚಂದ ಬೀಳಲಿ ಎಂದು ನಾನು ಮಾಡಿದ ತಪ್ಪಿಗೆ ಈ ಹೆಂಗಸು ಐದು ವಾರ ತನ್ನನ್ನೇ ಬೈದುಕೊಂಡಿದ್ದಳು. ನನಗೂ ಅಳು ಬಂತು.

“ತಪ್ಪು ನನ್ನದು ಅಪಾ. ನಾನೇ ಫಿಲ್ಮನ್ನ ತಿರುಗಿಸಿ ಇಟ್ಟಿದ್ದೆ.”

“ಹೋಗಲಿ ಬಿಡು. ಸುಮ್ನೆ ಹಿಡ್ಕೋ, ಇನ್ನೊಂಚೂರು ನೋಡ್ತೀನಿ.”

ತೋಳು ಸೋಲುವವರೆಗೂ ಹಿಡಿದುಕೊಂಡೆ. ಕೊನೆಗೆ ಅವಳೇ ಕನ್ನಡಿಗೆ ಬೆನ್ನು ಮಾಡಿದಳು. ಮುಖ ಒರೆಸಿಕೊಂಡಾಗ ಅಲ್ಲಿ ಏನೋ ತೀರ್ಮಾನವಾಗಿತ್ತು.

“ಬುರುಲ್, ಇವನು ಸತ್ತಿದ್ದಾನೆ.”

“ಅಪಾ...”

“ಅದಿರು ಹುಡುಕೋಕೆ ಬಂದಿದ್ದ ಭೂಗರ್ಭದವರ ಕ್ಯಾಂಪಿನ ಅಡುಗೆಯವಳ ಜೊತೆ ಓಡಿಹೋದ ಅಂತ ಹಳ್ಳಿಯೆಲ್ಲಾ ಹೇಳ್ತು. ಉಲ್ಟಾ ಮುಖ ಇತ್ತಲ್ಲ, ಅವನು ಓಡಿಹೋಗಿದ್ರೂ ಹೋಗಿರ್ತಿದ್ದ. ಇವನಲ್ಲ. ಈ ಮುಖ ನಂಗೊತ್ತು. ಬದುಕಿದ್ರೆ ಮನೆಗೆ ಬರ್ತಿದ್ದ. ನೀನೇನಂತೀಯ?”

ನಾನು ಸುಮ್ಮನಿರಬೇಕಿತ್ತು. ಆದರೆ ಸುತ್ತಿಟ್ಟ ಆ ಅಂಚು ನನ್ನ ಅಂಗೈಯಲ್ಲೇ ಇತ್ತು. ಎಡ ಬಲವಾದರೆ ಆ ಅಂಚಿನಲ್ಲಿರುವುದೂ ತಿರುಗಬೇಕು ಎಂಬುದು ಆ ಕ್ಷಣದಲ್ಲೇ ಹೊಳೆದಿತ್ತು. ಯಾರು ಸುಳ್ಳು ಹೇಳಿದ್ದಾರೆಂದು ನನಗೆ ಗೊತ್ತಾಗಿಬಿಟ್ಟಿತ್ತು.

“ಹೌದು ಅಪಾ,” ಅಂದೆ. “ನನಗೂ ಹಾಗೇ ಅನ್ನಿಸ್ತಿದೆ. ಅವರು ಸತ್ತಿದ್ದಾರೆ.”

ಅವಳು ತಲೆಯಾಡಿಸಿದಳು. ಮೂವತ್ತೈದು ವರ್ಷದ ಹೊರೆ ಇಳಿಸಿದವಳ ಹಾಗೆ ಮಂಚದ ಅಂಚಿನಲ್ಲಿ ಕೂತಳು.

ಈ ಹಳ್ಳಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಹೆಂಗಸರು ಮೊದಲು ಬರುವುದು ಕಲಿಪಾ ಅಪಾಳ ಬಳಿಗೆ. ಸತ್ತವರಿಗಾಗಿ ಹಾಡುವ ಕೊಶೋಕ್‌ಗೆ ಮಾತು ಕಟ್ಟಿಕೊಡುವವಳು ಅವಳೇ. ತಾಯಿಗೊಂದು, ಮಗನಿಗೊಂದು, ಎರಡು ದಿನ ಬದುಕಿದ ಕೂಸಿಗೂ ಒಂದು. ಎಲ್ಲರ ಸಾವಿಗೂ ಮಾತು ಕೊಟ್ಟವಳಿಗೆ ತನ್ನ ಗಂಡನಿಗಾಗಿ ಹಾಡುವ ಹಕ್ಕಿರಲಿಲ್ಲ. ಸತ್ತನೆಂದು ಗೊತ್ತಿಲ್ಲದವನಿಗೆ ಹಾಡಕೂಡದು. ಬದುಕಿರುವವನಿಗಾಗಿ ಕೊಶೋಕ್ ಹಾಡಿದ ಹೆಂಡತಿ ಅವನನ್ನು ಕೈಯಾರೆ ಹೂತಂತೆ. ಊಟಕ್ಕೆ ಕರೆದ ಮನೆಯಲ್ಲಿ ಅವಳು ವಿಧವೆಯರ ಸಾಲಿಗೂ ಸೇರದೆ, ಗಂಡ ಇರುವವರ ಸಾಲಿಗೂ ಸೇರದೆ ಬಾಗಿಲ ಬಳಿ ಕೂರುವುದನ್ನು ಈ ಐದು ವಾರದಲ್ಲಿ ನಾನೇ ಎರಡು ಸಲ ಕಂಡಿದ್ದೆ.

“ಹಾಡು ಕಟ್ಟಿಟ್ಟು ಮೂವತ್ತು ವರ್ಷ ಆಯ್ತು,” ಅಂದಳು ಅಪಾ. “ದಿನಾ ಒಂದ್ಸಲ ಮನಸ್ಸಲ್ಲೇ ಹೇಳ್ಕೋತೀನಿ, ಮರೀಬಾರ್ದು ಅಂತ. ಇವತ್ತು ಬಾಯಿಬಿಟ್ಟು ಹಾಡ್ತೀನಿ. ಆಮೇಲೆ ನಾನು ಸತ್ರೂ ಚಿಂತೆಯಿಲ್ಲ. ಹೋಗ್ತಾ ಪಕ್ಕದ ಮನೆಯ ರೊಜಾನ ಕರೆದುಬಿಡು. ಎಣ್ಣೆ ಕಾಯಿಸಬೇಕು, ಸತ್ತವನ ಹೆಸರಲ್ಲಿ ಹಿಟ್ಟಿನ ಬೋರ್ಸೋಕ್ ಕರೀಬೇಕು. ಗಂಡಸರಿಗೂ ಹೇಳಿಸು. ಬೇಲಿ ಹೊರಗಿಂದಲೇ ‘ಅಯ್ಯೋ ನನ್ನ ತಮ್ಮಾ’ ಅಂತ ಕೂಗ್ತಾ ಬರಬೇಕು ಅವರು; ಕೂಗದೆ ಬಂದ್ರೆ ಸಾವನ್ನ ಒಪ್ಪಲಿಲ್ಲ ಅಂತ ಅರ್ಥ. ನನ್ನ ಬೇಲಿ ಹೊರಗೆ ಇದುವರೆಗೂ ಯಾರೂ ಹಾಗೆ ಕೂಗಿಲ್ಲ.”

ರೊಜಾಳಿಗೆ ಹೇಳಿದೆ. ಚಿತ್ರವನ್ನು ಸುರುಳಿ ಸುತ್ತಿಕೊಂಡು ಹಳ್ಳಿಯ ಮೇಲುತುದಿಯತ್ತ ನಡೆದೆ.

ಸುತ್ತಿಟ್ಟ ಅಂಚಿನಲ್ಲಿದ್ದದ್ದು ಒಂದು ಕೈ. ಚಿತ್ರದ ಹೊರಗೆಲ್ಲೋ ಕೂತ ಯಾರೋ ಜುಮಾದಿಲ್‌ಗೆ ಬಟ್ಟಲು ನೀಡುತ್ತಿದ್ದಾರೆ. ತೋಳು ಮಾತ್ರ ಒಳಗೆ ಬಂದಿದೆ. ಆ ಕೈಗೆ ಉಂಗುರದ ಬೆರಳಿಲ್ಲ, ಕಿರುಬೆರಳಿಲ್ಲ.

ಹಳ್ಳಿಯಲ್ಲಿ ಅಂಥ ಕೈ ಎರಡಿದ್ದವು. ಒಂದು ಸತ್ತುಹೋದ ಬಡಗಿ ಎಸೆನ್‌ನದು, ಎಡಗೈ. ಇನ್ನೊಂದು ಊರವರೆಲ್ಲ ಅಕ್ಸಕಲ್ ಎಂದು ಕರೆಯುವ ಹಿರಿಯ ಸಾಗಿನ್‌ನದು, ಬಲಗೈ. ನನ್ನ ಚಿತ್ರದಲ್ಲಿದ್ದದ್ದು ಎಡಗೈ. ಮೂರು ವಾರದ ಹಿಂದೆ ಇನ್ನೊಂದು ಪ್ರತಿಯಿಂದ ಆ ಕೈಯಷ್ಟನ್ನೇ ಕತ್ತರಿಸಿ ತೋರಿಸಿದಾಗ ಸಾಗಿನ್ ತನ್ನ ಎರಡೂ ಕೈ ಮುಂದೆ ಚಾಚಿ, “ನನ್ನದು ಬಲಗೈ ಮಗಳೇ, ಬೇರೆ ಮನೆ ನೋಡ್ಕೋ,” ಎಂದು ನಕ್ಕಿದ್ದ. ಜುಮಾದಿಲ್ ಕಾಣೆಯಾದ ವಾರ ತಾನು ಬೆಟ್ಟದಲ್ಲೇ ಇರಲಿಲ್ಲ, ಪಟ್ಟಣದಲ್ಲಿದ್ದೆ ಎಂದೂ ಹೇಳಿದ್ದ. ನಾನು ನಂಬಿ, ಸತ್ತ ಬಡಗಿಯ ಬೆನ್ನು ಹತ್ತಿದ್ದೆ. ಎಸೆನ್‌ನ ಹೆಂಡತಿ ಅಪಾಳ ಗೆಳತಿ. ಇಬ್ಬರ ನಡುವೆ ವಿಷ ಹಾಕುವುದು ಬೇಡವೆಂದೇ ಆ ಕೈಯನ್ನು ಅಪಾಳಿಂದ ಮುಚ್ಚಿಟ್ಟದ್ದು.

ಈಗ ಎಡ ಬಲವಾಗಿತ್ತು. ಡಬ್ಬಿಯ ಮುಚ್ಚಳದ ಮೇಲೆ ಪೆನ್ಸಿಲ್‌ನಲ್ಲಿ ‘ಆಗಸ್ಟ್ 84’ ಎಂದು ಬರೆದಿತ್ತು. ಆ ಆಗಸ್ಟಿನಲ್ಲಿ ಜುಮಾದಿಲ್‌ಗೆ ಕೊನೆಯ ಬಟ್ಟಲು ಕೊಟ್ಟವನು ಸಾಗಿನ್.

ಬೀದಿಯ ಇಕ್ಕೆಲದಲ್ಲೂ ಜನ ಸೇಬು ಕೀಳುತ್ತಿದ್ದರು. ಯಾರೋ ಮರದ ಮೇಲಿಂದ ಯಾರನ್ನೋ ಬೈದರು, ಕೆಳಗಿದ್ದವರು ನಕ್ಕರು. ಆ ನಗುವಿನ ನಡುವೆ ಸುರುಳಿ ಹಿಡಿದು ಒಬ್ಬಳೇ ನಡೆಯುವಾಗ, ಈ ಕೇಸು ಇವತ್ತು ಮುಗಿದರೆ ಮತ್ತೆ ನನ್ನನ್ನು ಬುರುಲ್ ಎಂದು ಕರೆಯುವವರು ಯಾರು ಎಂಬ ಯೋಚನೆ ಬಂತು. ಪತ್ತೇದಾರಿಕೆ ಮಾಡುವವಳಿಗೆ ಬರಬಾರದ ಯೋಚನೆ, ಆದರೂ ಬಂತು.

ಸಾಗಿನ್ ಹಿತ್ತಲಲ್ಲಿ ಜೇನುಪೆಟ್ಟಿಗೆಗಳಿಗೆ ಚಳಿಗಾಲದ ಹೊದಿಕೆ ಹಾಕುತ್ತಿದ್ದ. ಎಪ್ಪತ್ತೈದರ ಆಸುಪಾಸು, ನೆಟ್ಟಗಿನ ಬೆನ್ನು, ಬೆಳ್ಳನೆಯ ಗಡ್ಡ. ಬಲಗೈಗೆ ಉಣ್ಣೆಯ ಕೈಗವಸು; ಅದರ ಎರಡು ಬೆರಳುಗಳನ್ನು ಮಡಚಿ ಹೊಲಿದಿತ್ತು.

“ಬಂದ್ಯಾ ಪೇಟೆ ಹುಡುಗಿ? ಸತ್ತ ಎಸೆನ್ ಒಪ್ಕೊಂಡನಾ?”

“ಗವಸು ತೆಗೀರಿ ಅಕ್ಸಕಲ್.”

“ಜೇನು ಕಚ್ಚುತ್ತೆ.”

“ಕಚ್ಚಲಿ.”

ಅವನು ನನ್ನ ಮುಖ ನೋಡಿದ, ಕಂಕುಳಲ್ಲಿದ್ದ ಸುರುಳಿ ನೋಡಿದ. ನಿಧಾನವಾಗಿ ಗವಸು ಬಿಚ್ಚಿದ. ನಾನು ಚಿತ್ರವನ್ನು ಒಂದು ಪೆಟ್ಟಿಗೆಯ ಮೇಲೆ ಪೂರ್ತಿ ಹರವಿದೆ, ಅಂಚಿನ ಸಮೇತ.

“ಇದು ಉಲ್ಟಾ ಚಿತ್ರ. ಜೀನು ನೋಡಿ, ಪಾತ್ರೆ ನೋಡಿ. ತಿರುಗಿಸಿದ್ರೆ ಈ ಕೈ ಬಲಗೈ. ನಿಮ್ಮ ಕೈ.”

“ಇದನ್ನ ಕಂಡುಹಿಡಿಯೋಕೆ ನಿನಗೆ ಐದು ವಾರ ಬೇಕಾಯ್ತಾ?”

“ನಿಮಗೆ ಮೊದಲೇ ಗೊತ್ತಿತ್ತು!”

“ಆವತ್ತು ನೀನು ತೋರಿಸಿದ್ದು ಬರೀ ಕೈ. ಅಷ್ಟೇ ಸಾಕಾಯ್ತು ನಂಗೆ.” ಅವನು ಉಳಿದ ಮೂರು ಬೆರಳಿನಿಂದ ಚಿತ್ರದ ಬಟ್ಟಲನ್ನು ತಟ್ಟಿದ. “ಎಡಗೈಲಿ ಬಟ್ಟಲು ಕೊಡೋ ಕಿರ್ಗೀಜನನ್ನ ಎಲ್ಲಾದ್ರೂ ನೋಡಿದ್ಯಾ ನೀನು? ಎಡಗೈ ಕೊಟ್ರೆ ನಮ್ಮಪ್ಪ ಆ ಬಟ್ಟಲನ್ನ ನನ್ನ ತಲೆ ಮೇಲೇ ಒಡೀತಿದ್ದ. ಎಸೆನ್‌ಗೆ ಎಡಗೈಲಿ ಬೆರಳಿರಲಿಲ್ಲ, ಸರಿ. ಅವನೂ ಬಲಗೈಲೇ ಕೊಡ್ತಿದ್ದ. ನಾಲ್ಕನೇ ಮಹಡೀಲಿ ಬೆಳೆದ್ರೆ ಹೀಗೇ ಆಗೋದು.”

ನನ್ನ ಕಿವಿ ಬಿಸಿ ಏರಿತು. ನನ್ನ ತಾಯಿ ಕಾರ್ಖಾನೆಯಿಂದ ಬಂದು ಸುಸ್ತಾಗಿ ಎರಡೂ ಕೈಯಲ್ಲಿ ತಟ್ಟೆ ತಳ್ಳುತ್ತಿದ್ದಳು. ಯಾವ ಕೈ ಎಂದು ಹೇಳಿಕೊಡಲು ಮನೆಯಲ್ಲಿ ಅಜ್ಜಿಯಿರಲಿಲ್ಲ.

“ಹಾಗಾದ್ರೆ ಒಪ್ಕೊಳ್ತೀರಾ? ಇದು ನಿಮ್ಮ ಕೈ?”

“ನನ್ನದೇ. ಅಲ್ಲ ಅಂತ ಬಾಯಲ್ಲಿ ಹೇಳಿದೀನಾ? ನನ್ನದು ಬಲಗೈ ಅಂದೆ. ಅದು ನಿಜ ತಾನೇ?”

“ಜುಮಾದಿಲ್ ಕಾಣೆಯಾದ ವಾರ ಬೆಟ್ಟದಲ್ಲಿರಲಿಲ್ಲ ಅಂದ್ರಲ್ಲ!”

“ಇರಲಿಲ್ಲ.”

“ಚಿತ್ರದಲ್ಲಿದ್ದೀರಿ! ಅವರಿಗೆ ಬಟ್ಟಲು ಕೊಡ್ತಿದ್ದೀರಿ! ಆಮೇಲೆ ಅವರು ಮನೆಗೆ ಬರಲೇ ಇಲ್ಲ. ಏನು ಮಾಡಿದ್ರಿ ಅವರನ್ನ?”

ನನ್ನ ಕೂಗಿಗೆ ಪೆಟ್ಟಿಗೆಯಿಂದ ನಾಲ್ಕೈದು ಜೇನು ಎದ್ದವು. ಸಾಗಿನ್ ಕದಲಲಿಲ್ಲ. ಅವನ ಮುಖದಲ್ಲಿ ಸಿಕ್ಕಿಬಿದ್ದವನ ಹೆದರಿಕೆ ಇರಲಿಲ್ಲ. ದಣಿವಿತ್ತು.

“ಮಗಳೇ, ನೀನು ಎಲ್ಲರನ್ನೂ ಒಂದೇ ಪ್ರಶ್ನೆ ಕೇಳ್ತಾ ಬಂದೆ. ಆ ದಿನ ಎಲ್ಲಿದ್ರಿ, ಆ ದಿನ ಎಲ್ಲಿದ್ರಿ. ನಾನು ಪಟ್ಟಣದಲ್ಲಿದ್ದೆ. ಬೇಕಾದ್ರೆ ಸಾಕ್ಷಿ ಕೊಡ್ತೀನಿ. ನನ್ನ ಬೆರಳು ಯಾವಾಗ ಹೋಯ್ತು ಅಂತ ಮಾತ್ರ ನೀನು ಯಾರನ್ನೂ ಕೇಳಲಿಲ್ಲ.”

“ಬೆರಳಿಗೂ ಇದಕ್ಕೂ ಏನು?”

ಅವನು ಒಳಗೆ ಹೋದ. ಓಡಿಹೋಗುತ್ತಾನೇನೋ ಎಂದುಕೊಂಡೆ. ಎಲ್ಲಿಗೆ ಓಡುತ್ತಾನೆ, ಊರುಗೋಲು ಬಾಗಿಲಿಗೆ ಒರಗಿಸಿಯೇ ಇತ್ತು. ವಾಪಸ್ ಬಂದಾಗ ಕೈಯಲ್ಲಿ ಒಂದು ಸಣ್ಣ ಪುಸ್ತಕ. ಮಾಸಿದ ಕಂದು ರಟ್ಟು, ಒಳಗೆ ಅವನ ಹರೆಯದ ಫೋಟೋ, ಅದರ ಮೇಲೆ ಸೀಲು. ಅಂಗವಿಕಲರಿಗೆ ಆಗ ಕೊಡುತ್ತಿದ್ದ ಪುಸ್ತಕ.

“ಓದು. ನಿನಗೆ ಅಕ್ಷರ ಬರುತ್ತಲ್ಲ.”

ಓದಿದೆ. ಸಾಮೂಹಿಕ ಜಮೀನಿನ ಹುಲ್ಲು ಕಟ್ಟುವ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳು ನಷ್ಟ. ತಾರೀಕು, 1985ರ ಅಕ್ಟೋಬರ್ 11.

ಮತ್ತೆ ಓದಿದೆ. ಎಂಬತ್ತೈದು.

ಜುಮಾದಿಲ್ ಕಾಣೆಯಾದದ್ದು ಎಂಬತ್ನಾಲ್ಕರ ಆಗಸ್ಟಿನಲ್ಲಿ. ಆಗ ಸಾಗಿನ್‌ನ ಕೈಯಲ್ಲಿ ಐದೂ ಬೆರಳಿದ್ದವು. ಈ ಚಿತ್ರದಲ್ಲಿ ಮೂರೇ ಇವೆ. ಆ ಮೂರು ಬೆರಳಿನಿಂದ ಬಟ್ಟಲು ತೆಗೆದುಕೊಳ್ಳಲು ಜುಮಾದಿಲ್ ಕೈ ಚಾಚಿದ್ದಾನೆ, ಅರ್ಧ ನಗುತ್ತಿದ್ದಾನೆ.

“ಅಕ್ಟೋಬರ್‌ನಲ್ಲಿ ಗುಡಾರ ಎಲ್ಲಾ ಬಿಚ್ಚಿ ಆಗಿರುತ್ತೆ,” ಅಂದ ಸಾಗಿನ್. “ಮತ್ತೆ ಕಟ್ಟೋದು ಮುಂದಿನ ಬೇಸಿಗೇಲಿ. ಎಂಬತ್ತಾರಕ್ಕೆ ಮುಂಚೆ ಇಂಥ ಫೋಟೋ ತೆಗೆಯೋಕೇ ಆಗಲ್ಲ. ಲೆಕ್ಕ ನೀನೇ ಹಾಕ್ಕೋ.”

ಜೇನುಪೆಟ್ಟಿಗೆಯ ಮೇಲೇ ಕೂತುಬಿಟ್ಟೆ. ಒಂದು ಡಬ್ಬಿಯ ಮುಚ್ಚಳದ ಮೇಲಿನ ಪೆನ್ಸಿಲ್ ಬರಹವನ್ನು ನಂಬಿದ್ದೆ. ಒಂದು ಡಬ್ಬಿಯಲ್ಲಿ ಬೇರೆ ಬೇರೆ ವರ್ಷದ ಫಿಲ್ಮು ಇರಬಹುದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು?

“ಅವರು ಬದುಕಿದ್ರು,” ಅಂದೆ. “ಕಾಣೆಯಾದ ಎರಡು ವರ್ಷದ ಮೇಲೂ.”

ಸಾಗಿನ್ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಜೇಬಿಗೆ ಹಾಕಿಕೊಂಡ.

“ಎಲ್ಲಿ? ಇದು ಯಾರ ಗುಡಾರ? ಫೋಟೋ ತೆಗೆದವರು ಯಾರು?”

“ಅದನ್ನ ಹೇಳಲ್ಲ. ಆವತ್ತು ಅವನ ಮುಂದೆ ರೊಟ್ಟಿ ಮುಟ್ಟಿ ಮಾತು ಕೊಟ್ಟಿದೀನಿ. ಯಾರ ಹತ್ರಾನೂ ಬಾಯಿಬಿಡಲ್ಲ ಅಂತ.”

“ಅಪಾ ಹತ್ರಾನೂ?”

“ಅವಳ ಹತ್ರ ಅಂತೂ ಬೇಡವೇ ಬೇಡ ಅಂದ. ಅವಳು ಬೀದೀಲಿ ಎದುರಿಗೆ ಬಂದ್ರೆ ನಾನು ಬೇರೆ ದಾರಿ ಹಿಡೀತೀನಿ. ಮೂವತ್ತು ವರ್ಷದಿಂದ. ಒಂದೇ ಹಳ್ಳಿ, ಎಷ್ಟು ದಾರಿ ಇರುತ್ತೆ ಹೇಳು.” ಅವನು ಗವಸಿಗೆ ಕೈ ತೂರಿಸಲು ನೋಡಿದ, ಆಗಲಿಲ್ಲ. “ಹೇಗಿದ್ದಾಳೆ ಅವಳು?”

ಆಗ ನನಗೆ ನೆನಪಾಯಿತು. ಎಣ್ಣೆ, ರೊಜಾ, ಗಂಡಸರಿಗೆ ಹೇಳಿಕಳಿಸಿದ ಸುದ್ದಿ.

“ಅವರು ಹಾಡೋಕೆ ಕೂತಿದ್ದಾರೆ,” ಅಂದೆ.

“ಯಾರ ಮನೇಲಿ ಸಾವು?”

“ಅವರ ಮನೇಲೇ. ಜುಮಾದಿಲ್‌ಗೆ ಕೊಶೋಕ್ ಹಾಡ್ತಾರೆ ಇವತ್ತು.”

ಗವಸು ಅವನ ಕೈಯಿಂದ ಬಿತ್ತು. “ಜುಮಾದಿಲ್ ಸತ್ತ ಅಂತ ಯಾರು ಹೇಳಿದ್ದು ಅವಳಿಗೆ?”

ನಾನು ಬಗ್ಗಿ ಗವಸು ಎತ್ತಿಕೊಂಡೆ.

“ಯಾರು ಹೇಳಿದ್ದು?”

“ನಾನು.”

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಓಡು,” ಅಂದ. “ಶುರುಮಾಡೋಕೆ ಮುಂಚೆ ಹೋಗಿ ಬಾಯಿ ಮುಚ್ಚಿಸು. ಓಡು!”

ಚಿತ್ರವನ್ನು ಅಲ್ಲೇ ಬಿಟ್ಟು ಓಡಿದೆ. ಸೇಬಿನ ಮರಗಳ ಕೆಳಗೆ ಈಗ ಯಾರೂ ಇರಲಿಲ್ಲ. ಬುಟ್ಟಿಗಳು ತುಂಬದೆ ಹಾಗೇ ನಿಂತಿದ್ದವು. ಸುದ್ದಿ ಮುಟ್ಟಿತ್ತು. ಬೀದಿಯ ತಿರುವಿನಲ್ಲೇ ಕಾಯುವ ಎಣ್ಣೆಯ ವಾಸನೆ ಬಂತು.

ಅಪಾಳ ಬೇಲಿಯ ಹೊರಗೆ ಮೂವರು ಗಂಡಸರು, ಟೋಪಿ ಕೈಯಲ್ಲಿ ಹಿಡಿದು, ಗಟ್ಟಿಯಾಗಿ ಕೂಗುತ್ತ ಒಳಗೆ ಹೋಗುತ್ತಿದ್ದರು. “ಅಯ್ಯೋ ನನ್ನ ತಮ್ಮಾ! ಅಯ್ಯೋ ನನ್ನ ತಮ್ಮಾ!” ಜುಮಾದಿಲ್ ಕಾಣೆಯಾದಾಗ ಇನ್ನೂ ಶಾಲೆಗೆ ಹೋಗುತ್ತಿದ್ದವರೂ ಅವರಲ್ಲಿದ್ದರು. ಆದರೂ ನಿಜವಾದ ಕಣ್ಣೀರಿತ್ತು.

ಬಾಗಿಲಲ್ಲಿ ಹೆಂಗಸರು ತುಂಬಿಕೊಂಡಿದ್ದರು. ಬೀರುವಿನ ಕನ್ನಡಿಗೆ ಬಟ್ಟೆ ಮುಚ್ಚಿದ್ದರು. ಕಲಿಪಾ ಅಪಾ ಕಪ್ಪು ಉಟ್ಟು, ಗೋಡೆಗೆ ಮುಖ ಮಾಡಿ, ಸೊಂಟಕ್ಕೆ ಕೈಯಿಟ್ಟು ಕೂತಿದ್ದಳು. ಹಾಡು ಶುರುವಾಗಿಹೋಗಿತ್ತು.

ಎಡದ ಹುಬ್ಬಿನ ಗಾಯ ಎಡಕ್ಕೇ ಇತ್ತು, ನಾನು ಮರೆತಿರಲಿಲ್ಲ,
ಕುದುರೆಗಳೆಲ್ಲ ಇಳಿದು ಬಂದವು, ನೀನು ಇಳಿದಿರಲಿಲ್ಲ.
ಬಾಗಿಲ ಬಳಿಯ ಜಾಗದಲ್ಲಿ ಮುದುಕಿಯಾದೆ ನಾನು,
ಈಗ ಹೇಳಿದರು ಒಳಗೆ ಬಾ ಎಂದು, ಈಗ ಸತ್ತೆ ನೀನು.

ಅಪಾಳ ಧ್ವನಿ ಅಷ್ಟು ಗಟ್ಟಿಯಿದೆಯೆಂದು ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಒಳಗೇ ಇದ್ದ ಮಾತು, ಇವತ್ತು ಸೇರಿಸಿದ ಸಾಲುಗಳ ಸಮೇತ, ಒಂದೂ ತಡವರಿಸದೆ ಬರುತ್ತಿತ್ತು. ರೊಜಾ ಅಳುತ್ತಿದ್ದಳು. ಎಸೆನ್‌ನ ಹೆಂಡತಿ ಅಪಾಳ ಬೆನ್ನಿಗೆ ಕೈಯಿಟ್ಟು ಕೂತಿದ್ದಳು. ವಿಧವೆಯರು ಅವಳಿಗೆ ತಮ್ಮ ನಡುವೆ ಜಾಗ ಬಿಟ್ಟಿದ್ದರು. ಅಪಾ ಮೊದಲ ಸಲ ಬಾಗಿಲಿಂದ ದೂರ, ಮನೆಯ ಒಳಭಾಗದಲ್ಲಿ, ಜನರ ನಡುವೆ ಇದ್ದಳು.

ನಾನು ಬಾಯಿ ತೆರೆದೆ. ಮತ್ತೆ ಮುಚ್ಚಿದೆ.

ಸತ್ಯ ಹೇಳುತ್ತೇನೆ, ನನಗೆ ಭಯವಾಯಿತು. ನಿಲ್ಲಿಸಿ ಅಂದರೆ ಇಷ್ಟು ಜನರ ಮುಂದೆ ಅವಳನ್ನು ಆ ಸಾಲಿನಿಂದ ಎಬ್ಬಿಸಿ ಮತ್ತೆ ಬಾಗಿಲ ಬಳಿ ಕೂರಿಸಿದಂತೆ. ನಿಲ್ಲಿಸದಿದ್ದರೆ ಬದುಕಿರಬಹುದಾದ ಗಂಡನನ್ನು ಅವಳ ಕೈಯಿಂದಲೇ ಹೂಳಿಸಿದಂತೆ. ಎರಡೂ ನಾನೇ ಮಾಡಿದ್ದು. ಏನೇ ಮಾಡಿದರೂ ಇವತ್ತಿನ ಮೇಲೆ ಅವಳು ನನ್ನನ್ನು ಮಗಳೇ ಅನ್ನುವುದಿಲ್ಲ. ಬಾಗಿಲ ಬಳಿ, ಊಟದ ಮನೆಗಳಲ್ಲಿ ಅಪಾ ಇಷ್ಟು ವರ್ಷ ಕೂತಂಥ ಜಾಗದಲ್ಲಿ, ಈಗ ನಾನು ನಿಂತಿದ್ದೆ.

ಆಗ ಬೀದಿಯಲ್ಲಿ ಊರುಗೋಲಿನ ಸದ್ದಾಯಿತು.

ಬಾಗಿಲಲ್ಲಿದ್ದವರು ತಿರುಗಿ ನೋಡಿದರು. ಸಾಗಿನ್ ಬರುತ್ತಿದ್ದ. ತಲೆಗೆ ಟೋಪಿಯಿತ್ತು, ಕೈಗೆ ಗವಸಿರಲಿಲ್ಲ. ಹಳ್ಳಿಗೇ ಹಿರಿಯ, ಜುಮಾದಿಲ್‌ನ ಜೊತೆ ಬೆಳೆದವನು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಬೇಕಾದವನು ಅವನೇ. ಒಳಗಿದ್ದ ಗಂಡಸರು ಅವನ ಕೂಗಿಗೆ ದನಿಗೂಡಿಸಲು ಎದ್ದು ನಿಂತರು.

ಸಾಗಿನ್ ಬೇಲಿಯ ಬಳಿ ಬಂದ. ಕೂಗಲಿಲ್ಲ.

ಅಂಗಳ ದಾಟಿದ. ಕೂಗಲಿಲ್ಲ. ಬಾಯಿಬಿಡುವುದಿಲ್ಲವೆಂದು ರೊಟ್ಟಿ ಮುಟ್ಟಿದವನು ತುಟಿ ಬಿಗಿದುಕೊಂಡು, ಟೋಪಿಯನ್ನೂ ತೆಗೆಯದೆ, ಸುಮ್ಮನೆ ಹೊಸಿಲು ದಾಟಿ ಒಳಗೆ ಬಂದು ನಿಂತ.

ರೊಜಾಳ ಅಳು ನಿಂತಿತು. ಎಸೆನ್‌ನ ಹೆಂಡತಿಯ ಕೈ ಅಪಾಳ ಬೆನ್ನಿನಿಂದ ಜಾರಿತು. ಅಡುಗೆಮನೆಯಲ್ಲಿ ಎಣ್ಣೆ ಕುದಿಯುವ ಸದ್ದು ಮಾತ್ರ ಉಳಿಯಿತು.

ಹಾಡಿನ ನಡುವೆಯೇ, ಒಂದು ಸಾಲಿನ ಅರ್ಧದಲ್ಲಿ, ಕಲಿಪಾ ಅಪಾ ನಿಲ್ಲಿಸಿದಳು. ಗೋಡೆಯಿಂದ ಮುಖ ತಿರುಗಿಸಿ ಒಂದೇ ಕಣ್ಣಿನಿಂದ ಅವನನ್ನು, ಅವನ ಮೂರು ಬೆರಳಿನ ಕೈಯನ್ನು, ಆಮೇಲೆ ಬಾಗಿಲಲ್ಲಿ ನಿಂತ ನನ್ನನ್ನು ನೋಡಿದಳು.

“ಸಾಗಿನ್,” ಅಂದಳು, “ನೀನು ಯಾಕೆ ಕೂಗಲಿಲ್ಲ?”